ಹುಟ್ಟಿನಿಂದ ಬಂದ ಅಲೆ

ಸುಳ್ಳು ಹೇಳಿದರೆ ಕೂದಲು ಬುಡದಲ್ಲಿ ಬಾಗುತ್ತದೆ. ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಅಲೆಗೂದಲಿನವರಿಗೆ ಬಡ್ತಿಯೂ ಇಲ್ಲ. ಅಲೆ ಹುಟ್ಟಿನಿಂದಲೇ ಬಂದದ್ದೆಂದು ಪಾರ್ಲರಿನವರು ಬರೆದುಕೊಟ್ಟರೆ ಮಾತ್ರ ವಿನಾಯಿತಿ.

ಕ್ಯಾನ್ಸರ್ ವಾರ್ಡಿನ ನರ್ಸ್ ಫಿಲೋಮಿನಾ ರತ್ನಮಾಲಾಳ ಪಾರ್ಲರಿಗೆ ಬಂದು ಕೂತರು. ಸೊಂಟದವರೆಗೂ ಸಡಿಲವಾದ ಅಲೆಗಳು.

"ನಾಳೆ ಬಡ್ತಿ ಇಂಟರ್‌ವ್ಯೂ. ಅಲೆ ಇರೋದನ್ನೆಲ್ಲ ಕತ್ತರಿಸಿಬಿಡಮ್ಮ."

"ತಲೆ ಬೋಳಾಗುತ್ತೆ ಸಿಸ್ಟರ್."

ರತ್ನಮಾಲಾ ನೀರು ಚಿಮುಕಿಸಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಸಿಕ್ಕು ಬಿಡಿಸಿದಳು. ತಿಂಗಳಿಗೆ ಅರ್ಧ ಇಂಚಿನಂತೆ ಬುಡದಿಂದ ಬೆರಳು ಇಳಿಸುತ್ತ, ಭುಜದ ಹತ್ತಿರ ನಿಲ್ಲಿಸಿದಳು. ಎರಡು ವರ್ಷದ ಹಿಂದಿನ ಆಷಾಢ, ಅಪ್ಪ ಅದೇ ವಾರ್ಡಿನಲ್ಲಿ ಕಳೆದ ಕೊನೆಯ ತಿಂಗಳು.

"ಇದು ನಮ್ಮಪ್ಪನಿಗೆ ಹೇಳಿದ್ದು ಅಲ್ವಾ? ಸೋಮವಾರ ಮನೆಗೆ ಕಳಿಸ್ತೀವಿ ಅಂತ."

"ಹೂಂ. ಅವತ್ತೊಂದಿನ ಎರಡು ಇಡ್ಲಿ ತಿಂದ್ರು."

ರತ್ನಮಾಲಾ ಸೀಳಿದ ತುದಿಗಳನ್ನಷ್ಟೇ ಕತ್ತರಿಸಿ, ಉಳಿದದ್ದಕ್ಕೆ ಎಣ್ಣೆ ಸವರಿದಳು. ಆಮೇಲೆ ಪ್ರಮಾಣಪತ್ರದ ಹಾಳೆ ತೆಗೆದು, "ಈ ಅಲೆ ಹುಟ್ಟಿನಿಂದ ಬಂದದ್ದು" ಎಂದು ಬರೆದು ಸಹಿ ಹಾಕಿದಳು.

ಊರಲ್ಲೇ ನೆಟ್ಟನೆಯದೆಂದು ಹೆಸರಾಗಿದ್ದ ಅವಳ ಕೂದಲು ಬೈತಲೆಯ ಬಳಿ ನಿಧಾನವಾಗಿ ಬಾಗಿತು.

"ಅಯ್ಯೋ, ನಿನ್ನ ಕೂದಲು!" ಎಂದರು ಫಿಲೋಮಿನಾ.

ರತ್ನಮಾಲಾ ಕನ್ನಡಿ ನೋಡಿ, ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ಚೆನ್ನಾಗೇ ಇದೆ ಬಿಡಿ ಸಿಸ್ಟರ್."

ಈ ಮಾತಿಗೆ ಒಂದು ಎಳೆಯೂ ಬಾಗಲಿಲ್ಲ.