ಮೂರು ತಟ್ಟು

ಎರಡನೆಯ ಸುತ್ತಿನಲ್ಲಿ ಎವಾಂದ್ರೊನ ಬಲಗೈ ಅದೆಮಾರ್‌ನ ತೊಡೆಗಳ ನಡುವೆ ಸಿಕ್ಕಿಬಿತ್ತು. ಇನ್ನೊಂದು ಕೂದಲೆಳೆಯಷ್ಟು ಬಾಗಿದ್ದರೂ ಮೊಣಕೈ ಮುರಿಯುತ್ತಿತ್ತು. ಎವಾಂದ್ರೊ ಎಡಗೈಯಿಂದ ಅದೆಮಾರ್‌ನ ತೊಡೆಯ ಮೇಲೆ ಮೂರು ಸಲ ತಟ್ಟಿದ. ಸೋತೆ, ಬಿಡು ಎಂದು ಅದರರ್ಥ. ಅದೆಮಾರ್ ಬಿಟ್ಟ. ಆಚೆ ಬದಿಯಲ್ಲಿ ಬಗ್ಗಿ ನಿಂತಿದ್ದ ರೆಫರಿಗೆ ಅದು ಕಾಣಲಿಲ್ಲ. ಪಂದ್ಯ ಮುಗಿಯಿತೆಂದು ಅದೆಮಾರ್ ಎದ್ದು ಕೂತು ರೆಫರಿಯ ಕಡೆ ತಿರುಗಿದ. ಆ ಗಳಿಗೆಯಲ್ಲಿ ಎವಾಂದ್ರೊ ಅದೆಮಾರ್‌ನ ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. ನಾಲ್ಕನೆಯ ಗುದ್ದಿಗೆ ರೆಫರಿ ನಡುವೆ ಬಂದು, ಗೆದ್ದವನೆಂದು ಎವಾಂದ್ರೊನ ಕೈ ಎತ್ತಿ ಹಿಡಿದ.

ಇಬ್ಬರೂ ತಮ್ಮೂರು ಮನೌಸ್‌ನ ಒಂದೇ ಚಾಪೆಯ ಮೇಲೆ ಹೊರಳಾಡಿ ಬೆಳೆದವರು. ಹಿಡಿತಗಳ ಕುಸ್ತಿಯಾದ ಜಿಯು-ಜಿತ್ಸುವಿನಲ್ಲಿ ಎವಾಂದ್ರೊ ನಾಲ್ಕು ಸಲ ವಿಶ್ವ ಚಾಂಪಿಯನ್. ಗುದ್ದಾಟವೂ ಸೇರಿದ ಪಂಜರದ ಪಂದ್ಯಗಳಿಗೆ ಇಳಿದು ಎರಡು ವರ್ಷವಾಗಿತ್ತು. ಎದುರಾಳಿ ತಟ್ಟಿದ ಮೇಲೂ ಹಿಡಿದಿರುವವನು ನಾಯಿಗೆ ಸಮ ಎಂದು ಗುರುಗಳು ಇಬ್ಬರಿಗೂ ಕಲಿಸಿದ್ದರು. ತಾನೇ ತಟ್ಟಿ ಆಮೇಲೆ ಗುದ್ದುವವನಿಗೆ ಅವರು ಹೆಸರೇ ಇಟ್ಟಿರಲಿಲ್ಲ. ಅಂಥವನೊಬ್ಬ ತಮ್ಮ ಕೈಕೆಳಗೆ ತಯಾರಾದಾನೆಂದು ಅವರಿಗೆ ತೋಚಿರಲಿಕ್ಕಿಲ್ಲ. ಹುಬ್ಬಿನಿಂದ ರಕ್ತ ಸುರಿಸುತ್ತಾ ಅದೆಮಾರ್ "ತಟ್ಟಿದ, ಅವನು ತಟ್ಟಿದ" ಎಂದು ಕೂಗಿದಾಗ ಜನ ಛೀಮಾರಿ ಹಾಕಿದರು. ಯಾವ ಕ್ಯಾಮೆರಾದಲ್ಲೂ ಅದು ಸಿಕ್ಕಿರಲಿಲ್ಲ. ಮೈಕು ಮುಂದೆ ಹಿಡಿದಾಗ ಎವಾಂದ್ರೊ, "ನನಗೆ ನೆನಪಿಲ್ಲ" ಎಂದಿದ್ದ.

ಮೂರು ವಾರ ಅವನಿಗೆ ಅನ್ನ ರುಚಿಸಲಿಲ್ಲ. ಮುಂದಿನ ತಿಂಗಳು ಸಾವೊ ಪೌಲೊದಲ್ಲಿ ದೊಡ್ಡ ಪಂದ್ಯವಿತ್ತು, ಕರಾರಿಗೆ ಸಹಿಯೂ ಆಗಿತ್ತು. ಭಾನುವಾರ ಮಧ್ಯಾಹ್ನ ತಡೆಯಲಾರದೆ, ನದಿಯ ದಂಡೆಯಲ್ಲಿ ಅದೆಮಾರ್ ಮತ್ತು ಅವನ ಹೆಂಡತಿ ಸಿಲೆನೆ ನಡೆಸುತ್ತಿದ್ದ ಮೀನಿನ ಅಂಗಡಿಗೆ ಹೋದ. ಅದೆಮಾರ್‌ನ ಕಿವಿಯಲ್ಲಿ ತಟ್ಟಿದ್ದು ನಿಜವೆಂದು ಹೇಳಿ ಹೊರಟುಬಿಡುವುದು ಅವನ ಲೆಕ್ಕಾಚಾರ.

ಸಿಲೆನೆ ಬಾಣಲೆಯಲ್ಲಿ ಜರಾಕಿ ಮೀನು ಕರಿಯುತ್ತಿದ್ದಳು. ಅವನನ್ನು ಕಂಡು, "ಊಟಕ್ಕೆ ಬಂದ್ಯೋ, ನೋಡ್ಕೊಂಡು ಹೋಗೋಕೆ ಬಂದ್ಯೋ?" ಎಂದಳು.

"ಊಟಕ್ಕೆ."

"ಹಂಗಾದ್ರೆ ಕೂತ್ಕೋ."

ಅಷ್ಟರಲ್ಲಿ ಬೆಂಚುಗಳ ಮೇಲಿದ್ದವರೆಲ್ಲ ಅವನನ್ನು ಗುರುತು ಹಿಡಿದಿದ್ದರು. ದೋಣಿ ನಡೆಸುವ ಬಸಿಲಿಯೊ ಅವನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡ. "ಚಾಂಪಿಯನ್, ಒಂದು ತಮಾಷೆ ತೋರಿಸ್ತೀನಿ ನೋಡು" ಎಂದು ಮೇಜಿನ ಮೇಲೆ ಮೂರು ಸಲ ತಟ್ಟಿ, ಒಳಗಿದ್ದ ಅದೆಮಾರ್‌ನನ್ನು ಕೂಗಿದ. "ಅದೆಮಾರ್, ತಟ್ಟಿದೀನಪ್ಪ. ಇನ್ನಾದ್ರೂ ನನ್ನ ಮೀನು ಬಿಡು."

ಬೆಂಚುಗಳ ಮೇಲಿದ್ದವರು ನಕ್ಕರು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದುದರಿಂದ ಎವಾಂದ್ರೊ ಕೂಡ ನಕ್ಕ. ನಗುತ್ತಿರುವಾಗಲೇ ಅದೆಮಾರ್ ತಟ್ಟೆ ಹಿಡಿದು ಎದುರಿಗೆ ನಿಂತಿದ್ದ. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

ಅವನು ತಟ್ಟೆ ಇಟ್ಟು, ಮರಗೆಣಸಿನ ಪುಡಿಯ ಬಟ್ಟಲನ್ನು ಪಕ್ಕಕ್ಕೆ ಸರಿಸುವ ನೆವದಲ್ಲಿ ಬಗ್ಗಿದ. "ಒಂದೇ ಒಂದು ಕೇಳ್ತೀನಿ. ತಲೆಗೆ ಪೆಟ್ಟು ಬಿದ್ರೆ ಆಗದೇ ಇರೋದೂ ಆಗಿದೆ ಅನ್ಸುತ್ತಂತೆ, ಡಾಕ್ಟ್ರು ಹೇಳಿದ್ರು. ಸಿಲೆನೆನೂ ಅದನ್ನೇ ಹೇಳ್ತಾಳೆ. ನನಗೂ ಈಗೀಗ ಹಂಗೇ ಅನ್ಸೋಕೆ ಶುರುವಾಗಿದೆ. ನೀನು ತಟ್ಟಿದ್ಯಾ? ಮೆಲ್ಲಗೆ ಹೇಳು. ನಾನು ಯಾರಿಗೂ ಹೇಳಲ್ಲ."

ಎವಾಂದ್ರೊ ಬಯಸಿ ಬಂದಿದ್ದೂ ಅದನ್ನೇ. ಮೆಲ್ಲಗೆ ಹೇಳಿದ್ದರೆ ಮುಗಿಯುತ್ತಿತ್ತು, ಸಾವೊ ಪೌಲೊದ ಪಂದ್ಯವೂ ಉಳಿಯುತ್ತಿತ್ತು. ಆದರೆ ಈಗಷ್ಟೇ ನಕ್ಕ ಬಾಯಲ್ಲಿ ಪಿಸುಮಾತು ಹೊರಡಲಿಲ್ಲ. ಅವನು ಎದ್ದು ನಿಂತ.

"ತಟ್ಟಿದ್ದೆ" ಎಂದ, ಎಲ್ಲರಿಗೂ ಕೇಳುವಂತೆ. "ಮೂರು ಸಲ ತಟ್ಟಿದ್ದೆ. ಇವನು ನಂಬಿ ಬಿಟ್ಟ, ನಾನು ಹೊಡೆದೆ. ಗೆದ್ದೋನು ಅದೆಮಾರ್."

ಸಿಲೆನೆ ಜಾಲರಿ ಸೌಟು ಹಿಡಿದಲ್ಲೇ ನಿಂತಿದ್ದಳು. ಬಸಿಲಿಯೊ ನಿಧಾನವಾಗಿ ಟೋಪಿ ತೆಗೆದ. ಅವನ ಕಣ್ಣು ತೇವವಾಗಿತ್ತು.

"ನೋಡ್ರಪ್ಪ, ದೊಡ್ಡತನ ಅಂದ್ರೆ ಇದು" ಎಂದ. "ಸೋತ ಗೆಳೆಯನ ಮಾನ ಉಳಿಸೋಕೆ ತಪ್ಪು ತನ್ನ ಮೇಲೇ ಎಳ್ಕೊಂಡ."

"ಇಲ್ಲ, ನಿಜ ಹೇಳ್ತಿದೀನಿ ನಾನು."

"ಗೊತ್ತು ಬಿಡಪ್ಪ. ನಿನ್ನಂಥೋನು ಹಂಗೇ ಹೇಳೋದು."

ಯಾರೋ ಚಪ್ಪಾಳೆ ತಟ್ಟಿದರು. ಬೆಂಚಿನಿಂದ ಬೆಂಚಿಗೆ ಅದು ಹಬ್ಬಿತು. ಎವಾಂದ್ರೊ ಕೈ ಎತ್ತಿ ಬೇಡವೆಂದಷ್ಟೂ ಚಪ್ಪಾಳೆ ಏರಿತು. ಬಸಿಲಿಯೊ ಅದೆಮಾರ್‌ನ ಕಡೆ ತಿರುಗಿ, ಬುದ್ಧಿ ಹೇಳುವ ದನಿಯಲ್ಲಿ, "ಇನ್ನಾದ್ರೂ ಆ ಮಾತು ಬಿಟ್ಬಿಡು, ತಮ್ಮ. ಇಂಥೋನ ಮೇಲೆ ಇಲ್ಲದ್ದು ಹೇಳ್ಕೊಂಡು ತಿರುಗೋಕೆ ನಿನಗೆ ನಾಚಿಕೆ ಆಗಲ್ವ?" ಎಂದ.

ಅದೆಮಾರ್ ಎವಾಂದ್ರೊನ ಮುಖವನ್ನೇ ನೋಡುತ್ತಿದ್ದ. ಕೇಳಿದವರಲ್ಲಿ ಅವನೊಬ್ಬನಿಗೆ ಎವಾಂದ್ರೊ ಹೇಳಿದ್ದು ನಿಜವೆಂದು ತಿಳಿದಿತ್ತು. ಮೂರು ವಾರದಿಂದ ಬಿಗಿದುಕೊಂಡಿದ್ದ ಅವನ ಹೆಗಲು ಸ್ವಲ್ಪ ಸಡಿಲವಾಯಿತು.

"ಕೂತ್ಕೊಂಡು ತಿನ್ನು, ಆರಿಹೋಗುತ್ತೆ" ಎಂದ. ಆಮೇಲೆ ಚಪ್ಪಾಳೆಯ ನಡುವೆ ಎವಾಂದ್ರೊನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಇದನ್ನೂ ನೀನೇ ಗೆದ್ಯಲ್ಲೋ" ಎಂದ.