ಎದೆಯ ಪಾಳಿ

ಅಂಗಾಂಗಗಳಿಗೆ ಬಾಯಿ ಬಂದ ಮೇಲೆ ಡಾಕ್ಟರ ಅಸಿಸ್ಟೆಂಟ್ ದಾಕ್ಷಾಯಣಿಗೆ ಬೆಳಗಾದರೆ ಪಂಚಾಯ್ತಿಯೇ ಕೆಲಸ. ಎಲ್ಲವುಗಳ ಮಾತು ಕೇಳಿ, ಯಾವುದನ್ನು ಮೊದಲು ನೋಡಬೇಕೆಂದು ಡಾಕ್ಟರಿಗೆ ಹೇಳಬೇಕು. ಅಂದು ಖಾನಾವಳಿಯ ಚನ್ನಬಸವ್ವ ಬಂದು ಕೂತದ್ದೇ ತಡ, ಅವಳ ಹೊಟ್ಟೆ ಕೂಗಾಡತೊಡಗಿತು.

"ಅಕ್ಕಾರ, ಉರಿಯಾಕತ್ತೈತಿ! ಮೊದ್ಲು ನಂದ ನೋಡ್ರಿ!"

"ನನ್ನ ಕೇಳೋರ್ಯಾರ?" ಮೊಣಕಾಲು ಗೊಣಗಿತು.

ದಾಕ್ಷಾಯಣಿ ಎದೆಗೆ ಕಿವಿಗೊಟ್ಟಳು. "ನೀ ಯಾಕ ಸುಮ್ನದಿ?"

"ನಂದೇನಿಲ್ರೀ," ಎಂದಿತು ಹೃದಯ, ಏದುಸಿರು ಬಿಡುತ್ತ. "ಅವ್ರದೆಲ್ಲ ಮುಗೀಲಿ. ನನ್ನ ಪಾಳಿ ಆಮ್ಯಾಲ."

ಊರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವವಳ ಹೃದಯ ಇನ್ನು ಹೇಗೆ ಮಾತಾಡೀತು? ದಾಕ್ಷಾಯಣಿ, "ಡಾಕ್ಟರ್, ಹೃದಯ ಮೊದಲು!" ಎಂದು ಕೂಗುತ್ತಲೇ ಅವಳನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಓಡಿದಳು. ಕಟ್ಟಿಕೊಂಡಿದ್ದ ರಕ್ತನಾಳವನ್ನು ಡಾಕ್ಟರು ಬಿಡಿಸಿದರು.

ಮರುದಿನ ದಾಕ್ಷಾಯಣಿ ವಾರ್ಡಿಗೆ ಕಾಲಿಡುವಷ್ಟರಲ್ಲೇ ಚನ್ನಬಸವ್ವನ ಎದೆ ಗುಡುಗಿತು: "ಅಕ್ಕಾರ, ಮೊದ್ಲು ನಂದ ನೋಡ್ರಿ!"

"ಅಬ್ಬಬ್ಬಾ," ಎಂದಿತು ಹೊಟ್ಟೆ, "ಏನ ಬಾಯಿ ಬಂತವ್ವ ಇದಕ್ಕ!"