ಬದಲಿಗೆ ಕೂತವನು

ಹಲ್ಲಿನ ಸೆಟ್ ಕಟ್ಟುವವನು ಬಸ್ಸಿಳಿದವನೇ ಮನೆಗೂ ಹೋಗದೆ, ಬೆನ್ನಿನ ಚೀಲ ಸಮೇತ ತನ್ನ ಅಂಗಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹತ್ತಿದ. ಹಿಂದೆ ಹೆಂಡತಿ ಏದುಸಿರು ಬಿಡುತ್ತ ಬಂದಳು.

"ನಿಧಾನ ರೀ! ಬೆಟ್ಟ ಹತ್ತಿದ್ದು ಸಾಲ್ದೇನೋ, ಅಂಗಡಿ ಮೆಟ್ಟಿಲ ಮೇಲೂ ಪರಾಕ್ರಮ ತೋರಿಸ್ಬೇಕಾ?"

ಬಾಯಲ್ಲಿ ಬೈಗುಳ, ಮುಖದ ತುಂಬ ಸಂತೋಷ. ಇರದೇ ಇರುತ್ತದೆಯೇ? ಮದುವೆಯಾದಾಗಿನಿಂದ ಎಡಕ್ಕೆ ವಾಲಿಕೊಂಡೇ ಇದ್ದ ಗಂಡನ ಕತ್ತು, ಈಜಿ, ದೋಣಿ ನಡೆಸಿ, ಕಾಡು ಸುತ್ತಿದ ಈ ರಜೆಯಲ್ಲಿ ನೆಟ್ಟಗಾಗಿತ್ತು. ಹಲ್ಲಿನ ಅಚ್ಚಿನ ಪ್ಲಾಸ್ಟರ್ ಪುಡಿಯಿಂದ ಬಂದ ಕೆಮ್ಮು ಹೇಳದೆ ಕೇಳದೆ ಓಡಿಹೋಗಿತ್ತು. ನಿದ್ದೆಯಲ್ಲೂ ನಡುಗುತ್ತಿದ್ದ ಬೆರಳುಗಳು ಅವಳನ್ನು ಗಟ್ಟಿಯಾಗಿ ಹಿಡಿದು ಬಂಡೆ ದಾಟಿಸಿದ್ದವು. ಇಂಥ ಗಂಡ ತನಗಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆ ಮನೆತನದಲ್ಲಿ ಹಿಂದೆ ಯಾರೂ ರಜೆ ಹಾಕಿದವರಲ್ಲ. ಕೆಲಸದ ಸ್ಟೂಲಿನ ಬಿಸಿ ಆರಬಾರದು ಎಂಬುದು ಅವನ ಅಪ್ಪನ ಕಟ್ಟಪ್ಪಣೆ. ಅದಕ್ಕೇ ಹೊರಡುವ ದಿನ ಇವನು ಅರ್ಧ ಏಳುತ್ತಿದ್ದಂತೆಯೇ ಹೆಂಡತಿಯ ತಮ್ಮ ಪಕ್ಕದಿಂದ ಆ ಸ್ಟೂಲಿಗೆ ಜರುಗಿ ಕೂತಿದ್ದ. "ಹೋಗ್ಬನ್ನಿ ಭಾವ, ಕೋಳಿ ಮೊಟ್ಟೆಗೆ ಕೊಟ್ಟ ಹಾಗೆ ಕಾವು ಕೊಡ್ತೀನಿ" ಎಂದು ನಕ್ಕಿದ್ದ. ಅವನದೂ ಅದೇ ಕಸುಬು. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ವಯಸ್ಸು.

ಬಾಗಿಲು ತೆರೆದರೆ ಸ್ಟೂಲಿನ ಮೇಲೆ ಯಾರೋ ಮುದುಕರು ಬೆನ್ನು ಹಾಕಿ ಕೂತಿದ್ದರು. ಕತ್ತು ಎಡಕ್ಕೆ ವಾಲಿತ್ತು. ಹಲ್ಲಿನ ಸೆಟ್ಟನ್ನು ಕಿವಿಯ ಹತ್ತಿರ ಹಿಡಿದು ಕಟಕಟ ಕಚ್ಚಿಸಿ ನೋಡುತ್ತ ಒಣ ಕೆಮ್ಮು ಕೆಮ್ಮಿದರು. ಗಂಡ ಹೊಸ್ತಿಲಲ್ಲೇ ನಿಂತುಬಿಟ್ಟ. ಥೇಟ್ ಅಪ್ಪ! ಅಪ್ಪ ತೀರಿಹೋಗಿ ಎಷ್ಟು ಕಾಲವಾಯಿತು.

"ಬಂದ್ರಾ ಭಾವ?" ತಿರುಗಿದ್ದು ಹೆಂಡತಿಯ ತಮ್ಮ. ತಲೆ ಪೂರ್ತಿ ನರೆತಿತ್ತು. "ಕೂತ ದಿನಾನೇ ಕತ್ತು ಹಿಡ್ಕೊಳ್ತು. ಆಮೇಲೆ ಕೆಮ್ಮು, ಆಮೇಲೆ ನಡುಕ. ಒಂದೊಂದಾಗಿ ನಿಮ್ಮದೆಲ್ಲ ನನಗೆ ಬಂತು. ಕೂತ್ಕೊಳ್ಳಿ ಭಾವ, ನಿಮ್ಮದು ನೀವು ತಗೊಂಡ್ಬಿಡಿ. ನಂಗೆ ಭಯ ಆಗ್ತಿದೆ."

ಗಂಡ ಬೆನ್ನಿನ ಚೀಲ ಇಳಿಸಿದ. "ಪಾಪ ಕಣೇ... ನಾನು ಕೂರ್ತೀನಿ" ಎಂದ. ಎಂದನೇ ಹೊರತು ಹೆಜ್ಜೆ ಮುಂದಿಡಲಿಲ್ಲ. ನಾಚಿಕೆಯಾಯಿತು, ಆದರೂ ಕಾಲು ಏಳಲೊಲ್ಲದು. ನೆಟ್ಟಗೆ ನಿಲ್ಲುವುದು ಎಷ್ಟು ಚೆನ್ನಾಗಿತ್ತು!

"ಅಕ್ಕಾ, ನೀನಾದ್ರೂ ಹೇಳೇ" ಎನ್ನುತ್ತ ತಮ್ಮ ಮೇಜು ಹಿಡಿದು ಏಳಲು ನೋಡಿದ.

ಅವಳು ಹೋಗಿ ತಮ್ಮನ ಪಕ್ಕ ನಿಂತಳು. ನರೆತ ತಲೆಯನ್ನು ಸವರಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ಎರಡೂ ಕೈಯಿಂದ ಅವನ ಹೆಗಲನ್ನು ಮೆತ್ತಗೆ ಕೆಳಕ್ಕೆ ಒತ್ತಿದಳು.

"ಕೂತ್ಕೋ ಪುಟ್ಟ, ಕೂತ್ಕೋ" ಎಂದಳು. "ನಿಂಗಿನ್ನೂ ಮನೇಲಿ ಕಾಯೋ ಹೆಂಡ್ತಿ ಇಲ್ವಲ್ಲ."